ಐವತ್ತೊಂದು ತುಂಡುಗಳ ಭಿನ್ನರಾಶಿ ಪೆಟ್ಟಿಗೆ: ಸಮಾನಕ್ಕೆ ಸಾಕು, ಮಿಶ್ರಕ್ಕೆ ಸಾಲದು

ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಭಿನ್ನರಾಶಿಯ ಪಾಠ ಶುರುವಾದ ವಾರದಿಂದ ಗಣಿತದ ಪುಸ್ತಕ ತೆರೆಯದಿರಲು ನೆಪ ಹುಡುಕತೊಡಗಿದ್ದರಿಂದ, ದಾವಣಗೆರೆಯ ಪಿ.ಜೆ. ಬಡಾವಣೆಯ ಪುಸ್ತಕದಂಗಡಿಯೊಂದರಲ್ಲಿ 680 ರೂಪಾಯಿ ಕೊಟ್ಟು ಮರದ ಭಿನ್ನರಾಶಿ ಪೆಟ್ಟಿಗೆಯೊಂದನ್ನು ಕೊಂಡು ತಂದೆ. ಮೂರು ತಿಂಗಳ ಕಾಲ, ವಾರಕ್ಕೆ ನಾಲ್ಕೈದು ಸಂಜೆಯಂತೆ, ಇಬ್ಬರೂ ಅದರ ಮುಂದೆ ಕುಳಿತಿದ್ದೇವೆ. ನಾನು ಶಿಕ್ಷಕನಲ್ಲ, ಮಂಡಿಪೇಟೆಯ ಅಂಗಡಿಯೊಂದರಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ನನಗೆ ಇಂದಿಗೂ ಬಾಯಿಗೆ ಬರುತ್ತದೆ, ಆದರೆ ಅದು ಏಕೆ ಹಾಗೆ ಎಂದು ಹನ್ನೊಂದು ವರ್ಷದ ಹುಡುಗಿ ಕೇಳಿದಾಗ ಮಗ್ಗಿ ಉತ್ತರ ಕೊಡುವುದಿಲ್ಲ ಎಂಬುದು ಈ ಪೆಟ್ಟಿಗೆ ಮನೆಗೆ ಬಂದ ಮೇಲೆಯೇ ನನಗೆ ಸರಿಯಾಗಿ ಗೊತ್ತಾಯಿತು.

ಪೆಟ್ಟಿಗೆಯಲ್ಲಿ 24 ಸೆಂಟಿಮೀಟರ್ ಉದ್ದದ, ಬಣ್ಣ ಹಚ್ಚದ ಒಂದು ಇಡೀ ಪಟ್ಟಿ ಇದೆ. ಅಷ್ಟೇ ಉದ್ದವನ್ನು ಎರಡು, ಮೂರು, ನಾಲ್ಕು, ಐದು, ಆರು, ಎಂಟು, ಹತ್ತು ಮತ್ತು ಹನ್ನೆರಡು ಸಮಭಾಗಗಳಾಗಿ ಕತ್ತರಿಸಿ ಒಂದೊಂದು ಗುಂಪಿಗೆ ಒಂದೊಂದು ಬಣ್ಣ ಬಳಿದ ತುಂಡುಗಳಿವೆ. ಎಲ್ಲವನ್ನೂ ಕೂಡಿದರೆ 51. ಏಳನೆಯ, ಒಂಬತ್ತನೆಯ ಭಾಗಗಳಿಲ್ಲ, ಅವು ಬೇಕೆಂದು ನನಗೆ ಅನಿಸಲೂ ಇಲ್ಲ. ಪ್ರತಿ ತುಂಡಿನ ಒಂದು ಮುಖದ ಮೇಲೆ 1/4, 1/6 ಎಂದು ಅಚ್ಚು ಹಾಕಿ ಇನ್ನೊಂದು ಮುಖವನ್ನು ಖಾಲಿ ಬಿಟ್ಟಿದ್ದಾರೆ. ಇದು ಬೇಕೆಂದೇ ಮಾಡಿದ್ದೋ ಖರ್ಚು ಉಳಿಸಲು ಮಾಡಿದ್ದೋ ತಿಳಿಯದು, ಆದರೆ ತುಂಡುಗಳನ್ನು ಬೋರಲು ಹಾಕಿ ಉದ್ದ ನೋಡಿಯೇ ಯಾವ ಭಾಗವೆಂದು ಹೇಳುವ ಆಟ ನಮ್ಮ ಮನೆಯಲ್ಲಿ ಹುಟ್ಟಿದ್ದು ಆ ಖಾಲಿ ಮುಖದಿಂದಲೇ.

ಮೊದಲ ಸಂಜೆ ನಾನು ಏನನ್ನೂ ಹೇಳಿಕೊಡಲಿಲ್ಲ. ಅರೆಯ ಕೆಂಪು ತುಂಡೊಂದನ್ನು ಮೇಜಿನ ಮೇಲಿಟ್ಟು, ಅದರ ಕೆಳಗೆ ಅದೇ ಉದ್ದಕ್ಕೆ ಸರಿಹೊಂದುವಂತೆ ಬೇರೆ ಬಣ್ಣದ ತುಂಡುಗಳನ್ನು ಜೋಡಿಸಲು ಹೇಳಿದೆ. ಒಂದು ಸಾಲಿನಲ್ಲಿ ಒಂದೇ ಬಣ್ಣ ಇರಬೇಕೆಂಬುದಷ್ಟೇ ನಿಯಮ. ಕಾಲಿನ ಎರಡು, ಆರನೆಯ ಭಾಗದ ಮೂರು, ಎಂಟನೆಯ ಭಾಗದ ನಾಲ್ಕು, ಹತ್ತನೆಯ ಭಾಗದ ಐದು, ಹನ್ನೆರಡನೆಯ ಭಾಗದ ಆರು ಸಾಲಾಗಿ ಬಂದು ಕುಳಿತವು. ಮೂರನೆಯ ಭಾಗಗಳು ಮಾತ್ರ ಒಪ್ಪಲಿಲ್ಲ: ಒಂದನ್ನಿಟ್ಟರೆ ಕಡಿಮೆ, ಎರಡನ್ನಿಟ್ಟರೆ ಹೆಚ್ಚು. ಐದನೆಯ ಭಾಗವೂ ಹಾಗೆಯೇ. ಎರಡಕ್ಕೆ ಸಾಲದು, ಮೂರಕ್ಕೆ ಮೀರುತ್ತದೆ. ಆಕೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಬೆಸ ಸಂಖ್ಯೆಯ ಭಾಗ ಮಾಡಿದರೆ ನಡುವೆ ಗೆರೆ ಬರುವುದಿಲ್ಲ, ಅದಕ್ಕೇ ಅರೆ ಆಗುವುದಿಲ್ಲ ಎಂದಳು. 1/2, 2/4, 3/6, 4/8, 5/10, 6/12 ಎಲ್ಲವೂ ಒಂದೇ ಬೆಲೆಯ ಸಮಾನ ಭಿನ್ನರಾಶಿಗಳು ಎಂಬ ವಾಕ್ಯ ಆಕೆಯ ನೋಟ್‌ಬುಕ್ಕಿನಲ್ಲಿ ಎರಡು ವಾರದ ಹಿಂದೆಯೇ ಬರೆದಿತ್ತು. ಆದರೆ ಯಾವುದು ಏಕೆ ಸಮಾನವಾಗುವುದಿಲ್ಲ ಎಂಬುದು ಅದರಲ್ಲಿ ಇರಲಿಲ್ಲ.

ಈ ಪೆಟ್ಟಿಗೆಗೆ ಕೊಟ್ಟ ಹಣ ಸಾರ್ಥಕವೆಂದು ನನಗೆ ಖಚಿತವಾಗಿದ್ದು ಮರುದಿನ. ಸಮಾನ ಭಿನ್ನರಾಶಿ ಬೇಕಾದರೆ ಮೇಲೆಯೂ ಕೆಳಗೆಯೂ ಒಂದೇ ಸಂಖ್ಯೆಯನ್ನು ಸೇರಿಸಬೇಕು ಎಂದು ಆಕೆ ತಿಳಿದುಕೊಂಡಿದ್ದಳು. ಅಂದರೆ 1/2 ರ ಅಂಶಕ್ಕೂ ಛೇದಕ್ಕೂ ಒಂದೊಂದು ಕೂಡಿಸಿ 2/3 ಎಂದು ಬರೆದಿದ್ದಳು. ಗುಣಿಸಬೇಕು, ಕೂಡಿಸಬಾರದು ಎಂದು ಶಾಲೆಯಲ್ಲಿ ಹೇಳಿರುತ್ತಾರೆ, ನಾನೂ ಹೇಳಿದ್ದೆ. ಹೇಳಿದ್ದು ಎಲ್ಲಿ ನಿಲ್ಲುತ್ತದೆ? ಅರೆಯ ಕೆಳಗೆ ಮೂರನೆಯ ಭಾಗದ ಎರಡು ಹಸಿರು ತುಂಡುಗಳನ್ನಿಟ್ಟಾಗ ಅವು ನಾಲ್ಕು ಸೆಂಟಿಮೀಟರ್ ಮುಂದೆ ಚಾಚಿಕೊಂಡವು. ಅದರ ನಂತರ ಮುಕ್ಕಾಲನ್ನು, ಅಂದರೆ ಹಳದಿಯ ಮೂರು ತುಂಡುಗಳನ್ನು, ಸಾಲಾಗಿಟ್ಟು ಪ್ರತಿಯೊಂದರ ಕೆಳಗೂ ಹನ್ನೆರಡನೆಯ ಭಾಗದ ಮೂರು ಮೂರು ತುಂಡುಗಳನ್ನು ಜೋಡಿಸಿದೆವು. ಒಂದೊಂದು ಕಾಲನ್ನೂ ಮೂರು ಚೂರು ಮಾಡಿದರೆ ನಮ್ಮ ಕೈಯಲ್ಲಿರುವ ತುಂಡುಗಳ ಎಣಿಕೆ ಮೂರರಿಂದ ಒಂಬತ್ತಕ್ಕೆ ಏರುತ್ತದೆ. ಅದೇ ಹೊತ್ತಿಗೆ ಇಡೀ ಪಟ್ಟಿಗೆ ಬೇಕಾಗುವ ತುಂಡುಗಳ ಎಣಿಕೆಯೂ ನಾಲ್ಕರಿಂದ ಹನ್ನೆರಡಕ್ಕೆ ಏರುತ್ತದೆ. 3/4 ಎಂಬುದು 9/12 ಆಗುವಾಗ ಅಂಶವೂ ಛೇದವೂ ಮೂರರಷ್ಟಾಗುವುದು ಯಾರೋ ಮಾಡಿದ ಕಟ್ಟಳೆಯಲ್ಲ, ಕತ್ತರಿಸುವ ಕ್ರಿಯೆಯೇ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ ಎಂಬುದನ್ನು ಮರದ ತುಂಡುಗಳು ತೋರಿಸಿದಷ್ಟು ಸ್ಪಷ್ಟವಾಗಿ ನನ್ನ ಮಾತು ತೋರಿಸಿರಲಿಲ್ಲ.

ಇದರ ಉಲ್ಟಾ ಆಟ ಇನ್ನೂ ಚೆನ್ನಾಗಿದೆ. ನಾನು 8/12 ಅನ್ನು ಜೋಡಿಸಿ ಕೊಡುತ್ತೇನೆ. ಆಕೆ ಅಷ್ಟೇ ಉದ್ದವನ್ನು ಒಂದೇ ಬಣ್ಣದ ಅತಿ ಕಡಿಮೆ ತುಂಡುಗಳಲ್ಲಿ ತುಂಬಬೇಕು. ಆರನೆಯ ಭಾಗದ ನಾಲ್ಕು ಬರುತ್ತವೆ, ಆಮೇಲೆ ಮೂರನೆಯ ಭಾಗದ ಎರಡು ಬರುತ್ತವೆ, ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. ಪಠ್ಯದಲ್ಲಿ ಸಂಕ್ಷಿಪ್ತ ರೂಪ ಎನ್ನುವುದು ಇದನ್ನೇ: ಎಂಟನ್ನೂ ಹನ್ನೆರಡನ್ನೂ ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಆದ ನಾಲ್ಕರಿಂದ ಭಾಗಿಸಿದರೆ 2/3. ನಮ್ಮ ಮಾತು ಈ ಕೆಲಸವನ್ನು ಯಾರಿಗೂ ತಿಳಿಯದಂತೆ ಎಂದೋ ಮಾಡಿ ಮುಗಿಸಿದೆ. ಒಂದಿದ್ದರೆ ಕಾಲು, ಅಂಥ ಮೂರು ಸೇರಿದರೆ ಮುಕ್ಕಾಲು ಎನ್ನುತ್ತೇವೆ; ಆದರೆ ನಡುವಿನ ಎರಡು ಕಾಲಿಗೆ ಅಂಥ ಹೆಸರೇ ಇಲ್ಲ, ಅದು ನೇರವಾಗಿ ಅರೆ. 2/4 ಅನ್ನು 1/2 ಎಂದು ಕಿರಿದುಗೊಳಿಸಿಯೇ ಬಾಯಿಗೆ ತಂದುಕೊಂಡಿದ್ದೇವೆ. ಹಣದ ಮಾತಿನಲ್ಲಿಯೂ ಹಾಗೆಯೇ ಆಗಿದೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾದಾಗ ನಾಲ್ಕಾಣೆ 25 ಪೈಸೆಯಾಯಿತು. 4/16 ಹೋಗಿ 25/100 ಬಂತು, ಎರಡೂ ಕಾಲು ರೂಪಾಯಿಯೇ. ಆ 25 ಪೈಸೆಯ ನಾಣ್ಯ 2011ರ ಜೂನ್ 30ರಂದು ಚಲಾವಣೆಯಿಂದ ಹೋಗುವವರೆಗೂ ನಮ್ಮ ಮಂಡಿಯಲ್ಲಿ ಅದನ್ನು ನಾಲ್ಕಾಣೆ ಎಂದೇ ಕರೆಯುತ್ತಿದ್ದೆವು. ಛೇದ ಬದಲಾದರೂ ಬೆಲೆ ಬದಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯಲಿಲ್ಲ. ಮೊಮ್ಮಗಳಿಗೆ ಮಾತ್ರ ಆಣೆ ಎಂದರೇನೆಂದು ಮೊದಲಿನಿಂದ ವಿವರಿಸಬೇಕಾಯಿತು.

ಇನ್ನು ದೋಷಗಳ ವಿಷಯ. ಮೊದಲನೆಯದು ಬಡಗಿಯ ಕೆಲಸದ್ದು, ಮತ್ತು ಅದು ಹೊರಗೆ ಕಾಣುವುದಕ್ಕಿಂತ ದೊಡ್ಡದು. ಹನ್ನೆರಡನೆಯ ಭಾಗದ ಹನ್ನೆರಡೂ ತುಂಡುಗಳನ್ನು ಇಡೀ ಪಟ್ಟಿಯ ಕೆಳಗೆ ಒತ್ತಾಗಿ ಜೋಡಿಸಿದರೆ ಕೊನೆಯಲ್ಲಿ ಸುಮಾರು ಐದು ಮಿಲಿಮೀಟರ್ ಜಾಗ ಉಳಿಯುತ್ತದೆ. ಪ್ರತಿ ಸಲ ಕತ್ತರಿಸುವಾಗಲೂ ಗರಗಸ ಒಂದಿಷ್ಟು ಮರವನ್ನು ಹುಡಿ ಮಾಡಿ ತಿನ್ನುತ್ತದೆ. ಎರಡು ತುಂಡಿಗೆ ಒಂದೇ ಕೊಯ್ತ, ಹನ್ನೆರಡು ತುಂಡಿಗೆ ಹನ್ನೊಂದು ಕೊಯ್ತ. ತಿನ್ನುವಷ್ಟು ಮರವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಪಟ್ಟಿಯನ್ನು ಉದ್ದವಾಗಿ ತೆಗೆದುಕೊಂಡಿಲ್ಲ ಎಂಬುದು ನನ್ನ ಊಹೆ. ಮೇಲಿನ ಆಟದಲ್ಲಿ ಮೂರನೆಯ ಭಾಗದ ಎರಡರ ಪಕ್ಕದಲ್ಲಿ ಹನ್ನೆರಡನೆಯ ಭಾಗದ ಎಂಟನ್ನಿಟ್ಟಾಗ ಅವು ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಕಡಿಮೆ ಬಿದ್ದವು. "ಅಜ್ಜ, ಎಂಟು ಇಟ್ರೂ ಸಾಲ್ತಿಲ್ಲ ನೋಡಿ, ಇದು ಸಮಾನ ಅಲ್ಲ" ಎಂದು ಆಕೆ ತೀರ್ಪು ಕೊಟ್ಟಳು. ಕಣ್ಣಿಗೆ ಕಂಡದ್ದನ್ನೇ ಹೇಳಿದ ಹುಡುಗಿಯನ್ನು ತಪ್ಪು ಎನ್ನುವುದು ಹೇಗೆ?

ಮೂರು ಮಿಲಿಮೀಟರ್ ಎಷ್ಟು ಮಾತ್ರ ಎಂದು ತಳ್ಳಿಹಾಕುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಈ ಪೆಟ್ಟಿಗೆಯಲ್ಲಿ ನಿಜವಾಗಿಯೂ ಬೇರೆ ಬೇರೆಯಾಗಿರುವ, ಆದರೆ ಬಹಳ ಹತ್ತಿರದಲ್ಲಿರುವ ಭಿನ್ನರಾಶಿಗಳೂ ಇವೆ. 2/5 ಮತ್ತು 5/12 ತೆಗೆದುಕೊಳ್ಳಿ: ಓರೆ ಗುಣಾಕಾರ ಮಾಡಿದರೆ, ಅಂದರೆ ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿದರೆ, ಎರಡು ಹನ್ನೆರಡಲೆ ಇಪ್ಪತ್ತನಾಲ್ಕು, ಐದೈದಲೆ ಇಪ್ಪತ್ತೈದು, ಎರಡೂ ಒಂದೇ ಅಲ್ಲ, 5/12 ದೊಡ್ಡದು. ಅವುಗಳ ವ್ಯತ್ಯಾಸ 1/60, ಅಂದರೆ 24 ಸೆಂಟಿಮೀಟರಿನ ಪಟ್ಟಿಯಲ್ಲಿ ನಾಲ್ಕು ಮಿಲಿಮೀಟರ್. ಒಂದು ಸಾಲಿಗೆ ಒಂದೇ ಬಣ್ಣವೆಂಬ ನಿಯಮದಲ್ಲಿ ಪೆಟ್ಟಿಗೆಯ ತುಂಡುಗಳಿಂದ ಮಾಡಬಹುದಾದ ಯಾವ ಎರಡು ಅಸಮಾನ ಭಿನ್ನರಾಶಿಗಳ ನಡುವೆಯೂ ಇದಕ್ಕಿಂತ ಕಡಿಮೆ ಅಂತರ ಬರುವುದಿಲ್ಲ. ಹೀಗಿರುವಾಗ ತಯಾರಿಕೆಯ ತಪ್ಪು ಮೂರರಿಂದ ಐದು ಮಿಲಿಮೀಟರಿನವರೆಗೆ ಇದ್ದರೆ, ಮಗು ನೋಡುತ್ತಿರುವುದು ಗಣಿತದ ವ್ಯತ್ಯಾಸವನ್ನೋ ಗರಗಸದ ವ್ಯತ್ಯಾಸವನ್ನೋ ಹೇಳಲಾಗದು. ಹನ್ನೆರಡನೆಯ ಭಾಗಗಳನ್ನು ಬಿಟ್ಟರೆ ಉಳಿದ ಗುಂಪುಗಳಲ್ಲಿ ಕೊರತೆ ಕಣ್ಣಿಗೆ ಬೀಳುವಷ್ಟಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ನಾವು ಓರೆ ಗುಣಾಕಾರವನ್ನು ಕಲಿತದ್ದು ಈ ತಪ್ಪಿನಿಂದಲೇ ಎಂಬುದೂ ನಿಜ: 2/3 ಮತ್ತು 8/12 ರಲ್ಲಿ ಎರಡು ಹನ್ನೆರಡಲೆ ಇಪ್ಪತ್ತನಾಲ್ಕು, ಮೂರೆಂಟಲೆ ಇಪ್ಪತ್ತನಾಲ್ಕು, ಆದ್ದರಿಂದ ಮರ ಏನೇ ಹೇಳಲಿ ಎರಡೂ ಒಂದೇ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತನೆಯ ಭಾಗದ ನೇರಳೆ ಮತ್ತು ಹನ್ನೆರಡನೆಯ ಭಾಗದ ಕಡುನೀಲಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದೇ ರೀತಿ ಕಾಣುತ್ತವೆ. ಕರೆಂಟು ಹೋದ ಸಂಜೆಗಳಲ್ಲಿ ಕೇಳುವುದೇ ಬೇಡ.

ಜೊತೆಗೆ ಕೊಟ್ಟಿರುವ ನಾಲ್ಕು ಪುಟದ ಕೈಪಿಡಿ ಕನ್ನಡದಲ್ಲಿದೆ ಎಂಬುದು ಸಂತೋಷದ ಸಂಗತಿ. ಆದರೆ ಅದರ ಮೊದಲ ಪುಟವನ್ನೆಲ್ಲ ಮಕ್ಕಳ ಬುದ್ಧಿ ಚುರುಕಾಗುತ್ತದೆ ಎಂಬ ಹೊಗಳಿಕೆಗೇ ಬಳಸಿದ್ದಾರೆ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯ ಕಂಡುಕೊಂಡು ಭಿನ್ನರಾಶಿಗಳನ್ನು ಒಂದೇ ಛೇದಕ್ಕೆ ತರುವ ಕ್ರಮವನ್ನು 9ನೆಯ ಶತಮಾನದಲ್ಲಿಯೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಹೇಳಿದ್ದಾನೆ. ಆ ಜಾಗದಲ್ಲಿ ಅದನ್ನು ಬರೆದಿದ್ದರೆ ಮಕ್ಕಳು ಓದಿಯಾದರೂ ಓದುತ್ತಿದ್ದರು. ಅದಕ್ಕಿಂತ ದೊಡ್ಡ ತೊಂದರೆ ಅಚ್ಚಿನದು. ಎರಡೂಮುಕ್ಕಾಲನ್ನು ಬರೆಯುವಾಗ 2 ಎಂಬ ಅಂಕಿಯನ್ನು ದೊಡ್ಡದಾಗಿ, ಅದರ ಪಕ್ಕದಲ್ಲಿ ಒಂದರ ಕೆಳಗೊಂದಾಗಿ 3 ಮತ್ತು 4 ಅನ್ನು ಚಿಕ್ಕದಾಗಿ ಬರೆಯುವುದು ಕ್ರಮ. ಕೈಪಿಡಿಯವರು ಎಲ್ಲವನ್ನೂ ಒಂದೇ ಗಾತ್ರದಲ್ಲಿ, ಒಂದೇ ಸಾಲಿನಲ್ಲಿ, ನಡುವೆ ಜಾಗವನ್ನೂ ಬಿಡದೆ ಕೂರಿಸಿರುವುದರಿಂದ ಅದು 23/4 ಎಂದು ಕಾಣುತ್ತದೆ. ಮೊಮ್ಮಗಳು ಇಪ್ಪತ್ಮೂರು ಬೈ ನಾಲ್ಕು ಎಂದೇ ಓದಿದಳು, ಮತ್ತು ಇಪ್ಪತ್ಮೂರು ಬೈ ನಾಲ್ಕು ಹೇಗೆ ಹನ್ನೊಂದು ಬೈ ನಾಲ್ಕಕ್ಕೆ ಸಮವಾಯಿತೆಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡಳು. ಈ ಕಾರಣಕ್ಕೇ ನಾನು ಇಲ್ಲಿ ಮಿಶ್ರ ಭಿನ್ನರಾಶಿಗಳನ್ನು ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಪೆಟ್ಟಿಗೆಯ ಮುಚ್ಚಳದ ಮೇಲೆ 'ಸಮಾನ, ಮಿಶ್ರ ಮತ್ತು ವಿಷಮ ಭಿನ್ನರಾಶಿಗಳನ್ನು ಕಲಿಯಿರಿ' ಎಂದು ದಪ್ಪಕ್ಷರದಲ್ಲಿದೆ. ಮಿಶ್ರ ಭಿನ್ನರಾಶಿ ಎಂದರೆ ಒಂದಕ್ಕಿಂತ ಹೆಚ್ಚಿನ ಪರಿಮಾಣ: ಪೂರ್ಣ ಸಂಖ್ಯೆಯೊಂದು, ಅದರ ಮೇಲೊಂದು ಭಿನ್ನರಾಶಿ. ಅದನ್ನೇ ವಿಷಮ ಭಿನ್ನರಾಶಿಯಾಗಿ ಬರೆದಾಗ ಅಂಶ ಛೇದಕ್ಕಿಂತ ದೊಡ್ಡದಾಗುತ್ತದೆ. ಒಂದೂಮುಕ್ಕಾಲನ್ನು 7/4 ಎಂದು ತೋರಿಸಬೇಕಾದರೆ ಕಾಲಿನ ಏಳು ತುಂಡು ಬೇಕು, ಪೆಟ್ಟಿಗೆಯಲ್ಲಿರುವುದು ನಾಲ್ಕೇ. ಇಡೀ ಪಟ್ಟಿಯೂ ಒಂದೇ. ಅಂದರೆ ಈ ಪೆಟ್ಟಿಗೆ ಒಂದೇ ಬಣ್ಣದಲ್ಲಿ ಒಂದರವರೆಗೆ ಎಣಿಸಬಲ್ಲದು, ಒಂದನ್ನು ದಾಟಿದ ಕೂಡಲೇ ಕೈಚೆಲ್ಲುತ್ತದೆ. ಇಡೀ ಪಟ್ಟಿಯ ಪಕ್ಕದಲ್ಲಿ ಮೂರು ಕಾಲಿಟ್ಟು ಒಂದೂಮುಕ್ಕಾಲು ಎನ್ನಬಹುದು, ಆದರೆ ಅದನ್ನು ವಿಷಮವಾಗಿ ತಿರುಗಿಸಿ ತೋರಿಸಲು ಅದರ ತುಂಡುಗಳಿಂದ ಸಾಧ್ಯವೇ ಇಲ್ಲ, ಬರೇ ಕೈಪಿಡಿಯ ಚಿತ್ರದಲ್ಲಿ ನೋಡಬಹುದು.

ನಾನು ಹಟಕ್ಕೆ ಬಿದ್ದು ಎರಡನೆಯ ಪೆಟ್ಟಿಗೆಯನ್ನೂ ತಂದೆ. ಆಗ ಇಡೀ ಪಟ್ಟಿ ಎರಡು, ಕಾಲು ಎಂಟು ಆದವು. ಒಂದೂಕಾಲನ್ನು ಒಂದು ಸಾಲಿನಲ್ಲಿ ಇಡೀ ಪಟ್ಟಿ ಮತ್ತು ಒಂದು ಕಾಲಾಗಿ ಇಟ್ಟು, ಕೆಳಗಿನ ಸಾಲಿನಲ್ಲಿ ಐದು ಕಾಲುಗಳನ್ನಿಟ್ಟು ಎರಡನ್ನೂ ಹೋಲಿಸಲು ಸಾಧ್ಯವಾಯಿತು. ಒಂದೂಮುಕ್ಕಾಲಿಗೆ ಬಂದಾಗ ಅದೂ ಆಗಲಿಲ್ಲ, ಏಕೆಂದರೆ ಮೇಲಿನ ಸಾಲಿಗೆ ಮೂರು, ಕೆಳಗಿನ ಸಾಲಿಗೆ ಏಳು, ಒಟ್ಟು ಹತ್ತು ಕಾಲು ಬೇಕಾಗುತ್ತವೆ. ಮೇಲಿನ ಸಾಲಿನ ಇಡೀ ಪಟ್ಟಿಯನ್ನೇ ತೆಗೆದು ಅದರ ಜಾಗಕ್ಕೆ ನಾಲ್ಕು ಕಾಲುಗಳನ್ನು ತುಂಬಿಸಿ ಕೆಲಸ ನಡೆಸಿದೆವು. ಎರಡೂಮುಕ್ಕಾಲಿಗೆ ಹನ್ನೊಂದು ಕಾಲು ಬೇಕು, ಮೂರನೆಯ ಪೆಟ್ಟಿಗೆ ತರಲು ನನಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಒಟ್ಟಿಟ್ಟಿದ್ದ ಹಳೆಯ ಲಗ್ನಪತ್ರಿಕೆಗಳಲ್ಲಿ ದಪ್ಪ ರಟ್ಟಿನವನ್ನು ಆರಿಸಿ 24 ಸೆಂಟಿಮೀಟರಿನ ಪಟ್ಟಿಗಳಾಗಿ ಕತ್ತರಿಸಿದೆವು. ಎರಡು ಸಲ ಮಡಚಿದರೆ ಕಾಲು ಸಿಗುತ್ತದೆ, ಮೂರು ಸಲ ಮಡಚಿದರೆ ಎಂಟನೆಯ ಭಾಗ ಸಿಗುತ್ತದೆ. ಮೂರನೆಯ ಭಾಗಕ್ಕೆ ಮಾತ್ರ ಅಳತೆಪಟ್ಟಿ ಹಿಡಿದು ಎಂಟೆಂಟು ಸೆಂಟಿಮೀಟರಿಗೆ ಗುರುತು ಹಾಕಬೇಕು. ಗಣೇಶನ ಚಿತ್ರವಿರುವ ಭಾಗವನ್ನು ಕತ್ತರಿಸಬಾರದೆಂದು ನನ್ನ ಸೊಸೆ ಹೇಳಿದ್ದರಿಂದ ಒಂದಿಷ್ಟು ರಟ್ಟು ವ್ಯರ್ಥವಾಯಿತು.

ಆ ರಟ್ಟಿನ ಪಟ್ಟಿಗಳ ಮೇಲೆಯೇ ನಿಯಮ ತಾನಾಗಿ ಹೊರಗೆ ಬಂತು. ಎರಡು ಇಡೀ ಪಟ್ಟಿಗಳು, ಒಂದೊಂದರಲ್ಲಿ ನಾಲ್ಕು ಕಾಲು, ಎರಡ್ನಾಲ್ಕಲೆ ಎಂಟು. ಪಕ್ಕದಲ್ಲಿ ಮೊದಲೇ ಕತ್ತರಿಸಿಟ್ಟ ಮೂರು ಕಾಲುಗಳಿವೆ. ಎಂಟು ಮತ್ತು ಮೂರು ಹನ್ನೊಂದು. ಎಲ್ಲವೂ ಕಾಲುಗಳೇ ಆದ್ದರಿಂದ ಛೇದ ನಾಲ್ಕೇ ಉಳಿಯುತ್ತದೆ: 11/4. ಪೂರ್ಣ ಸಂಖ್ಯೆಯನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಿಸಿ ಅದೇ ಛೇದದ ಮೇಲೆ ಬರೆಯಿರಿ ಎಂಬ ಪಾಠದ ವಾಕ್ಯವನ್ನು ಆಕೆ ಮೊದಲು ಎರಡನ್ನು ಮೂರರಿಂದ ಗುಣಿಸಿ ನಾಲ್ಕನ್ನು ಕೂಡಿಸುವಂತೆ ತಿರುವುಮುರುವು ಮಾಡುತ್ತಿದ್ದಳು, ಕೆಲವು ಸಲ ಎರಡನ್ನೂ ಮೂರನ್ನೂ ಕೂಡಿಸಿ 5/4 ಎಂದು ಬರೆಯುತ್ತಿದ್ದಳು. ಏನನ್ನು ಎಣಿಸುತ್ತಿದ್ದೇವೆ ಎಂಬುದು ಕಣ್ಣ ಮುಂದಿದ್ದಾಗ ಯಾವುದರಿಂದ ಗುಣಿಸಬೇಕೆಂದು ನೆನಪಿಟ್ಟುಕೊಳ್ಳುವ ಅಗತ್ಯ ಬೀಳಲಿಲ್ಲ. ಹಿಂದಕ್ಕೆ ಬರುವುದೂ ಸುಲಭವಾಯಿತು: ಹನ್ನೊಂದು ಕಾಲುಗಳನ್ನು ನಾಲ್ಕು ನಾಲ್ಕರ ಕಟ್ಟು ಮಾಡಿದರೆ ಎರಡು ಕಟ್ಟು, ಮಿಕ್ಕದ್ದು ಮೂರು, ಭಾಗಲಬ್ಧ ಪೂರ್ಣ ಸಂಖ್ಯೆಯಾಗುತ್ತದೆ, ಶೇಷ ಅಂಶವಾಗುತ್ತದೆ.

ಇದೇ ಪಾಠವನ್ನು ನನ್ನ ಸೊಸೆ ಅಡುಗೆಮನೆಯಲ್ಲಿ ಕಾಸು ಖರ್ಚಿಲ್ಲದೆ ಮಾಡಿ ತೋರಿಸಿದಳು. ಭಾನುವಾರದ ದೋಸೆಗೆ ಅಕ್ಕಿ ನೆನೆಹಾಕುವಾಗ ಎರಡೂವರೆ ಲೋಟ ಅಕ್ಕಿ ಅಳೆಯಬೇಕಿತ್ತು. ಕೈಗೆ ಸಿಕ್ಕಿದ್ದು ಅರ್ಧ ಲೋಟದ ಅಳತೆಯ ಬಟ್ಟಲು ಮಾತ್ರ. ಎಷ್ಟು ಸಲ ಹಾಕಬೇಕೆಂದು ಕೇಳಿದಾಗ ಮೊಮ್ಮಗಳು ಮಂಡಕ್ಕಿ ಮೆಲ್ಲುತ್ತಲೇ ಐದು ಎಂದಳು. ಅದೇ 5/2. ಲೋಟದಲ್ಲಿ ಎಣಿಸಿದರೆ ಎರಡೂವರೆ, ಬಟ್ಟಲಿನಲ್ಲಿ ಎಣಿಸಿದರೆ ಐದು; ಅಕ್ಕಿ ಅಷ್ಟೇ. ಈ ಐದನ್ನು ಆಕೆ ಗುಣಾಕಾರ ಮಾಡಿ ಹೇಳಲಿಲ್ಲ ಎಂಬುದನ್ನು ಪೆಟ್ಟಿಗೆ ತಯಾರಿಸಿದವರು ಗಮನಿಸಬೇಕು.

ಎರಡೂವರೆ ಎಂಬ ಮಾತನ್ನೇ ಬಿಡಿಸಿ ನೋಡಿದರೆ ಇನ್ನೊಂದು ಅನುಕೂಲ ಸಿಗುತ್ತದೆ. ಎರಡು, ಅದರ ಮೇಲೆ ಊ, ಆಮೇಲೆ ಅರೆ. ಆ 'ಊ' ಎಂಬುದು ಕೂಡುವ ಚಿಹ್ನೆ. ಅಂಕಿಯಲ್ಲಿ ಬರೆದಾಗ ಎರಡಕ್ಕೂ ಮುಕ್ಕಾಲಿಗೂ ನಡುವೆ ಯಾವ ಚಿಹ್ನೆಯೂ ಇಲ್ಲದಿರುವುದರಿಂದ, ಮುಂದಿನ ತರಗತಿಗಳಲ್ಲಿ ಪಕ್ಕಪಕ್ಕದಲ್ಲಿ ಬರೆದದ್ದನ್ನು ಗುಣಿಸಬೇಕೆಂದು ಕಲಿತ ಮಕ್ಕಳು ಇದನ್ನೂ ಗುಣಾಕಾರವೆಂದು ತಿಳಿಯುವುದುಂಟು. ಎರಡೂಮುಕ್ಕಾಲು ಎಂದು ಬಾಯಿಬಿಟ್ಟು ಓದುವ ಮಗುವಿಗೆ ಆ ಗೊಂದಲ ಬರಲಾರದು. ಕೈಪಿಡಿಯಲ್ಲಿ ಮಾತ್ರ ಎಲ್ಲಿಯೂ ಒಂದೂಕಾಲು, ಒಂದೂವರೆ ಎಂಬ ಪದಗಳಿಲ್ಲ; 'ಒಂದು ಪೂರ್ಣ ಒಂದು ಬೈ ಎರಡು' ಎಂದಿದೆ. ಬೈ ಎಂದು ಓದಿದರೆ ಅಂಶ ಮೊದಲು ಬರುತ್ತದೆ, ನಾಲ್ಕರಲ್ಲಿ ಮೂರು ಎಂದು ಓದಿದರೆ ಛೇದ ಮೊದಲು ಬರುತ್ತದೆ. ಎರಡೂ ರೂಢಿಯಲ್ಲಿರುವುದರಿಂದ ನಾನು ಹೇಳಿ ಬರೆಸುವಾಗ ಆಕೆ ಎಷ್ಟೋ ಸಲ 3/4 ರ ಬದಲು 4/3 ಬರೆದಿದ್ದಾಳೆ. ಹೋಟೆಲಿನ ಬೈ ಟು ಕಾಫಿ ಗೊತ್ತಿರುವ ಊರಿನಲ್ಲಿ ಬೈ ಪದವನ್ನು ಕಷ್ಟವೆನ್ನುವಂತಿಲ್ಲ, ಆದರೂ ಒಂದು ಕೈಪಿಡಿ ಯಾವುದಾದರೂ ಒಂದು ಕ್ರಮವನ್ನು ಹಿಡಿದು ನಡೆಯಬೇಕು.

ಪಾರಿಭಾಷಿಕ ಪದಗಳ ದೋಷ ಕೈಪಿಡಿಯೊಂದರದೇ ಅಲ್ಲ. ಅಂಶ ಛೇದಕ್ಕಿಂತ ಚಿಕ್ಕದಾದರೆ ಸಮ ಭಿನ್ನರಾಶಿ, ದೊಡ್ಡದಾದರೆ ವಿಷಮ ಭಿನ್ನರಾಶಿ. ಬೆಲೆ ಒಂದೇ ಆಗಿದ್ದರೆ ಸಮಾನ ಭಿನ್ನರಾಶಿಗಳು. ಸಮ ಮತ್ತು ಸಮಾನ ಎರಡೂ ಒಂದೇ ಪುಟದಲ್ಲಿ ಬಂದಾಗ, ಜೊತೆಗೆ ಸಮ ಸಂಖ್ಯೆ ಬೆಸ ಸಂಖ್ಯೆ ಎಂಬುದೂ ನೆನಪಿನಲ್ಲಿದ್ದಾಗ, 3/5 ಬೆಸ ಸಂಖ್ಯೆಗಳಿಂದ ಆಗಿರುವುದರಿಂದ ಅದು ಸಮ ಭಿನ್ನರಾಶಿಯಾಗುವುದು ಹೇಗೆ ಎಂದು ಮಗು ಕೇಳಿದರೆ ಆಶ್ಚರ್ಯವಿಲ್ಲ.

ವಿಷಮ ಭಿನ್ನರಾಶಿ ಯಾವುದಕ್ಕೆ ಬೇಕು, ಮಿಶ್ರದಲ್ಲಿಯೇ ಇಟ್ಟುಕೊಂಡರೆ ಏನು ತೊಂದರೆ ಎಂಬ ಪ್ರಶ್ನೆಗೆ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ನಮ್ಮ ಪಹಣಿಯಲ್ಲಿ ಇತ್ತು. ಹರಿಹರದ ಕಡೆ ನಮ್ಮ ಅಣ್ಣತಮ್ಮಂದಿರ ಪಾಲಿಗೆ ಬಂದ ಗದ್ದೆ 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ, ಆದ್ದರಿಂದ ಎರಡು ನಲವತ್ತಲೆ ಎಂಬತ್ತು, ಮೇಲೆ ಹತ್ತು, ತೊಂಬತ್ತು ಗುಂಟೆ. 90/40, ಕಿರಿದುಗೊಳಿಸಿದರೆ 9/4, ಅಂದರೆ ಎರಡೂಕಾಲು ಎಕರೆ. ಮೂವರಿಗೆ ಹಂಚಬೇಕೆಂದಾಗ ಎರಡು ಎಕರೆಯನ್ನು ಬೇರೆ, ಹತ್ತು ಗುಂಟೆಯನ್ನು ಬೇರೆ ಭಾಗಿಸಹೊರಟರೆ ಎರಡೂ ಕಡೆ ಸಿಕ್ಕಿಕೊಳ್ಳುತ್ತೇವೆ. ತೊಂಬತ್ತನ್ನು ಮೂರರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ಮೂವತ್ತು ಗುಂಟೆ, ಮುಕ್ಕಾಲು ಎಕರೆ, ಮಾತು ಮುಗಿಯಿತು. ಎಕರೆ ಗುಂಟೆಗಳ ನಡುವೆ ಚುಕ್ಕಿಯಿಟ್ಟು 2.10 ಎಂದು ಬರೆಯುವ ರೂಢಿಯಿಂದ ಇನ್ನೊಂದು ಮೋಸವೂ ಆಗುತ್ತದೆ. ಅದನ್ನು ದಶಮಾಂಶವೆಂದು ಓದಿದರೆ ಎರಡು ಎಕರೆ ನಾಲ್ಕು ಗುಂಟೆಯಾಗಿ ಆರು ಗುಂಟೆ ಮಾಯವಾಗುತ್ತದೆ. ಮೊಮ್ಮಗಳು ಕ್ಯಾಲ್ಕುಲೇಟರಿನಲ್ಲಿ 2.10 ಅನ್ನು ಮೂರರಿಂದ ಭಾಗಿಸಿ 0.7 ಎಂದು ತೋರಿಸಿದಾಗ, ನನ್ನ ಪಾಲಿನ ಎರಡು ಗುಂಟೆ ಹೋಯಿತಲ್ಲ ಎಂದೆ. ಎಲ್ಲಿ ಹೋಯಿತೆಂದು ಹುಡುಕಲು ಆಕೆ ಅರ್ಧ ಸಂಜೆ ತೆಗೆದುಕೊಂಡಳು.

ಕಳೆಯುವ ಲೆಕ್ಕದಲ್ಲಿಯೂ ಹಾಗೆಯೇ. ಮೂರೂಕಾಲು ಮೀಟರ್ ಬಟ್ಟೆಯಲ್ಲಿ ಒಂದೂಮುಕ್ಕಾಲು ಮೀಟರ್ ಕತ್ತರಿಸಿದರೆ ಉಳಿಯುವುದೆಷ್ಟು ಎಂದು ಕೇಳಿದರೆ, ಮೂರರಲ್ಲಿ ಒಂದು ಕಳೆದು ಎರಡು, ಕಾಲಿಗಿಂತ ಮುಕ್ಕಾಲು ದೊಡ್ಡದಾದ್ದರಿಂದ ಅದನ್ನು ತಿರುಗಿಸಿ ಕಳೆದು ಅರೆ, ಒಟ್ಟು ಎರಡೂವರೆ ಎನ್ನುವ ಮಕ್ಕಳೇ ಹೆಚ್ಚು. 13/4 ರಲ್ಲಿ 7/4 ಕಳೆದರೆ 6/4, ಅದು 3/2, ಅಂದರೆ ಒಂದೂವರೆ ಮೀಟರ್. ಇಲ್ಲಿ ಮಿಶ್ರದಿಂದ ವಿಷಮ, ಸಮಾನ ಭಿನ್ನರಾಶಿಯಿಂದ ಸಂಕ್ಷಿಪ್ತ ರೂಪ, ವಿಷಮದಿಂದ ಮತ್ತೆ ಮಿಶ್ರ, ಮೂರೂ ಒಂದೇ ಲೆಕ್ಕದಲ್ಲಿ ಬಂದುಹೋಗುತ್ತವೆ. ಪೆಟ್ಟಿಗೆಯಲ್ಲಿ ಇಡೀ ಪಟ್ಟಿ ಮೂರು, ಅರೆ ಆರು, ಕಾಲು ಹನ್ನೆರಡು, ಮೂರನೆಯ ಭಾಗ ಒಂಬತ್ತು ಇದ್ದಿದ್ದರೆ, ಅಂದರೆ ಈಗಿರುವುದಕ್ಕೆ ಇಪ್ಪತ್ತು ತುಂಡು ಸೇರಿಸಿದ್ದರೆ, ಮುಚ್ಚಳದ ಮೇಲಿನ ಮಾತು ಬಹುಮಟ್ಟಿಗೆ ನಿಜವಾಗುತ್ತಿತ್ತು. ಅದಕ್ಕೆ ನೂರು ರೂಪಾಯಿ ಹೆಚ್ಚು ಕೇಳಿದ್ದರೂ ಕೊಡುತ್ತಿದ್ದೆ.

ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿರುವ ಮನೆಗೆ, ಸಮಾನ ಭಿನ್ನರಾಶಿಯ ಪಾಠಕ್ಕಾಗಿ, ಈ ಪೆಟ್ಟಿಗೆಯನ್ನು ಧೈರ್ಯವಾಗಿ ಕೊಳ್ಳಬಹುದು. ಮಿಶ್ರ ಮತ್ತು ವಿಷಮ ಭಿನ್ನರಾಶಿಗಾಗಿಯೇ ಕೊಳ್ಳುವವರು ಹಣ ಉಳಿಸಿ ರಟ್ಟು, ಕತ್ತರಿ, ಅಳತೆಪಟ್ಟಿ ತೆಗೆದುಕೊಳ್ಳಲಿ. ಅಂಗಡಿಯಲ್ಲಿ ಹಣ ಕೊಡುವ ಮೊದಲು ಹನ್ನೆರಡನೆಯ ಭಾಗದ ಕಡುನೀಲಿ ತುಂಡುಗಳನ್ನೆಲ್ಲ ಇಡೀ ಪಟ್ಟಿಯ ಪಕ್ಕದಲ್ಲಿ ಸಾಲಾಗಿಟ್ಟು ನೋಡಬೇಕು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿಯಲು ಅಂಗಡಿಯವರು ಒಪ್ಪುವುದಿಲ್ಲ. ನನಗೂ ಮೊದಲ ಸಲ ಒಪ್ಪಲಿಲ್ಲ. ಎರಡನೆಯ ಸಲ ಗಾಜಿನ ಕಪಾಟಿನ ಮೇಲೆ ಮಾದರಿಗೆಂದು ಬಿಚ್ಚಿಟ್ಟಿದ್ದ ಪೆಟ್ಟಿಗೆಯನ್ನೇ ಕೇಳಿ, ಅಲ್ಲೇ ಜೋಡಿಸಿ ನೋಡಿ ತಂದೆ. ಅದರ ಹನ್ನೆರಡು ತುಂಡುಗಳಲ್ಲಿ ಕೊರತೆ ಎರಡು ಮಿಲಿಮೀಟರ್ ಅಷ್ಟೇ ಇತ್ತು. ಹತ್ತನೆಯ ಭಾಗದ ತುಂಡೊಂದು ಮಾತ್ರ ಎಲ್ಲಿಯೋ ಕಳೆದುಹೋಗಿತ್ತು. ಅದಕ್ಕಾಗಿ ಬೆಲೆಯಲ್ಲಿ ಹತ್ತನೆಯ ಒಂದು ಭಾಗ ಬಿಡಿ ಎಂದು ಕೇಳಿದೆ. ಅವರು ನಲವತ್ತು ರೂಪಾಯಿ ಬಿಟ್ಟರು. ನಲವತ್ತು 680 ರ ಎಷ್ಟನೆಯ ಭಾಗ ಎಂದು ಮೊಮ್ಮಗಳು ಮನೆಗೆ ಬರುವ ಆಟೋದಲ್ಲಿ ಲೆಕ್ಕ ಹಾಕಿ ಹೇಳಿದಳು: ಹದಿನೇಳನೆಯ ಒಂದು.